ಯುದ್ಧಕಾಲದ ಮಡಿ

ಮಡಿ-ಮೈಲಿಗೆಯ ಸೂಕ್ಷ್ಮ ತಿಳಿಯಲು ಅಗ್ರಹಾರಕ್ಕೇ ಹೋಗಬೇಕಿಲ್ಲ. ಬ್ರಿಟನ್ನಿನ ರಗ್ಬಿ ಯೂನಿಯನ್ನಿನ, ಅಂದರೆ ಹದಿನೈದು ಆಟಗಾರರ ಹವ್ಯಾಸಿ ರಗ್ಬಿಯ, ಚರಿತ್ರೆ ಓದಿದರೂ ಸಾಕು. ಅಲ್ಲಿ ಹಣವೇ ಮೈಲಿಗೆ. ಗಣಿ, ಗಿರಣಿಯ ಕೆಲಸ ಬಿಟ್ಟು ಆಡಲು ಬರುವವನಿಗೆ ತಪ್ಪಿದ ದಿನಗೂಲಿಯನ್ನಾದರೂ ಕೊಡೋಣ ಎಂದು ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಕೇಳಿದಾಗ ಹಿರಿಯರು ಮೂಗು ಮುಚ್ಚಿಕೊಂಡರು. 1895ರ ಆಗಸ್ಟ್‌ನಲ್ಲಿ ಆ ಕ್ಲಬ್ಬುಗಳು ಬೇರೆ ಒಲೆ ಹೂಡಿದವು. ಅದೇ ಮುಂದೆ ಹದಿಮೂರು ಆಟಗಾರರ ರಗ್ಬಿ ಲೀಗ್ ಆಯಿತು. ಅತ್ತ ಹೋದವನಿಗೆ ಇತ್ತ ಆಜೀವ ಬಹಿಷ್ಕಾರ. ಸುಮ್ಮನೆ ಒಂದು ಪರೀಕ್ಷಾ ಪಂದ್ಯ ಆಡಿ ಬಂದವನಿಗೂ ಅದೇ ಶಿಕ್ಷೆ.

ವೇಲ್ಸಿನ ಯೂನಿಯನ್ ಕ್ಲಬ್ಬುಗಳಲ್ಲಿ ಪಂದ್ಯ ಮುಗಿಸಿ ಬಂದವನ ಬೂಟಿನೊಳಗೆ ಒಂದಿಷ್ಟು ಕಾಸು ಸಿಗುತ್ತಿದ್ದುದು ಬೇರೆ ಮಾತು. ಕೈಯೊಡ್ಡಿದರಲ್ಲವೇ ಮೈಲಿಗೆ? ಕಾಲಿಗೆ ತಾನಾಗಿ ತಗುಲಿದ್ದಕ್ಕೆ ದೋಷವಿಲ್ಲ.

1935ರ ಸೆಪ್ಟೆಂಬರ್‌ನಲ್ಲಿ ವೇಲ್ಸಿನ ಸ್ವಾನ್ಸೀ ಕ್ಲಬ್ ನ್ಯೂಜಿಲೆಂಡ್ ದೇಶದ ತಂಡವನ್ನೇ 11–3ರಿಂದ ಸೋಲಿಸಿತು. ಸೋಲಿಸಿದವರಲ್ಲಿ ಇಬ್ಬರು ಇನ್ನೂ ಶಾಲಾ ಹುಡುಗರು: ಹೇಡನ್ ಟ್ಯಾನರ್ ಮತ್ತು ಅವನ ಸೋದರಸಂಬಂಧಿ ವಿಲ್ಲಿ ಡೇವಿಸ್. ಶಾಲಾ ಹುಡುಗರ ಕೈಯಲ್ಲಿ ಸೋತೆವೆಂದು ಮಾತ್ರ ಊರಿಗೆ ತಿಳಿಸಬೇಡಿ ಎಂದು ಎದುರಾಳಿ ನಾಯಕ ಗೋಗರೆದನೆಂಬ ಕತೆ ಇಂದಿಗೂ ಚಾಲ್ತಿಯಲ್ಲಿದೆ. ಟ್ಯಾನರ್ ಯೂನಿಯನ್ನಿನಲ್ಲೇ ಉಳಿದು ಪೂಜ್ಯನಾದ. ಡೇವಿಸ್ 1939ರಲ್ಲಿ ಬ್ರಾಡ್‌ಫರ್ಡ್ ನಾರ್ದರ್ನ್ ಎಂಬ ಲೀಗ್ ಕ್ಲಬ್ ಸೇರಿ ಪತಿತನಾದ. ಒಂದೇ ಶಾಲೆ, ಒಂದೇ ಚೆಂಡು. ಸಂಬಳದ ಚೀಟಿಯೊಂದೇ ಬೇರೆ.

ಅಷ್ಟರಲ್ಲಿ ಹಿಟ್ಲರ್ ಬಂದ. ಅಪಾಯದ ಗಾತ್ರ ಅರಿತ ಯೂನಿಯನ್ 1939ರ ನವೆಂಬರ್‌ನಲ್ಲಿ ನಿರ್ಣಯ ಮಾಡಿತು: ಸೈನ್ಯದಲ್ಲಿರುವ ಲೀಗ್ ಆಟಗಾರರು ಯುದ್ಧ ಮುಗಿಯುವವರೆಗೆ ಸೇನಾ ತಂಡಗಳಲ್ಲಿ ನಮ್ಮವರ ಜೊತೆ ಆಡಬಹುದು. ಖಾಕಿಯೇ ಮಡಿಬಟ್ಟೆಯಾಯಿತು. ಹದಿನೇಳನೆಯ ವಯಸ್ಸಿಗೇ ಸಾಲ್‌ಫರ್ಡ್ ಲೀಗ್ ಕ್ಲಬ್ ಸೇರಿ ಕೆಟ್ಟುಹೋಗಿದ್ದ ಕಾರ್ಡಿಫಿನ ಗಸ್ ರಿಸ್ಮನ್ ಸೇನಾ ಪಂದ್ಯಗಳಲ್ಲಿ ವೇಲ್ಸಿನ ಕೆಂಪು ಜರ್ಸಿ ತೊಟ್ಟು ಯೂನಿಯನ್ ಆಡಿದ. ಯಾರಿಗೂ ಸ್ನಾನ ಮಾಡಬೇಕೆನಿಸಲಿಲ್ಲ.

ಶಾಸ್ತ್ರಕ್ಕೆ ನಿಜವಾದ ಅಪಮಾನವಾದದ್ದು ಮೈದಾನದಲ್ಲಿ. 1943ರ ಜನವರಿಯಲ್ಲಿ ಹೆಡಿಂಗ್ಲಿಯಲ್ಲಿ ಸೇನೆಯ ಲೀಗಿಗರೂ ಯೂನಿಯನ್ನಿಗರೂ ಎದುರಾದರು. ನಿಯಮ ಯೂನಿಯನ್ನಿನದು, ಹದಿನೈದು ಜನರ ಆಟ. ಲೀಗಿಗರು 18–11ರಿಂದ ಗೆದ್ದರು. ಹೊಸಬರ ಅದೃಷ್ಟ ಎನ್ನೋಣವೆಂದರೆ, ಮರುವರ್ಷ ಬ್ರಾಡ್‌ಫರ್ಡಿನಲ್ಲಿ ಅದೇ ನಿಯಮದಡಿ 15–10ರಿಂದ ಮತ್ತೆ ಗೆದ್ದರು. ಅಡುಗೆಮನೆಗೆ ಬಿಟ್ಟುಕೊಳ್ಳದವನು ಒಳಬಂದು ನಿಮಗಿಂತ ರುಚಿಯಾಗಿ ಸಾರು ಮಾಡಿಟ್ಟರೆ ಏನು ಹೇಳುತ್ತೀರಿ? ಯುದ್ಧ ಬೇಗ ಮುಗಿಯಲಿ ಎಂದು ಮನಸ್ಸಾರೆ ಪ್ರಾರ್ಥಿಸುತ್ತೀರಿ.

ಮುಗಿಯಿತು. ಬಾಗಿಲಿಗೆ ಮತ್ತೆ ಅಗುಳಿ ಬಿತ್ತು. ಒಟ್ಟಿಗೆ ಗುಂಡಿಗೆ ಎದೆಯೊಡ್ಡಬಹುದು, ಒಟ್ಟಿಗೆ ಚೆಂಡಿಗೆ ಕೈಯೊಡ್ಡಬಾರದು. ಟ್ಯಾನರ್‌ನಂಥ ಮಡಿವಂತನಿಗಾದರೂ ಏನು ದಕ್ಕಿತು? 1945–46ರ ವಿಜಯೋತ್ಸವದ ಪಂದ್ಯಗಳಿಗೆ, ದೇಶಕ್ಕಾಗಿ ಆಡಿದವನಿಗೆ ಸಲ್ಲುವ ಅಂತರರಾಷ್ಟ್ರೀಯ ಟೋಪಿಯ ಗೌರವವೇ ಸಿಗಲಿಲ್ಲ. ಗೆದ್ದದ್ದು ಯುದ್ಧವನ್ನು ಮಾತ್ರ, ಅದು ಲೆಕ್ಕಕ್ಕಿಲ್ಲ.

ರಿಸ್ಮನ್ ಮಾತ್ರ ಪಾಪ ತೊಳೆಯುವ ಯಾವ ಲಕ್ಷಣವನ್ನೂ ತೋರಲಿಲ್ಲ. 1946ರಲ್ಲಿ ಬ್ರಿಟನ್ನಿನ ಲೀಗ್ ತಂಡದ ನಾಯಕನಾಗಿ ‘ಇಂಡಾಮಿಟಬಲ್’ ಎಂಬ ವಿಮಾನವಾಹಕ ಯುದ್ಧನೌಕೆಯಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿ ಒಂದೂ ಟೆಸ್ಟ್ ಸೋಲದೆ ಬಂದ. 1952ರಲ್ಲಿ, ನಲವತ್ತು ದಾಟಿದ ಮೇಲೆ, ವರ್ಕಿಂಗ್‌ಟನ್ ಟೌನ್ ತಂಡಕ್ಕೆ ಲೀಗಿನ ಚಾಲೆಂಜ್ ಕಪ್ ಗೆದ್ದುಕೊಟ್ಟ.

1995ರ ಆಗಸ್ಟ್‌ನಲ್ಲಿ, ಒಡಕಿನ ಶತಮಾನ ತುಂಬಲು ಎರಡು-ಮೂರು ದಿನ ಬಾಕಿಯಿರುವಾಗ, ಹಣ ಮೈಲಿಗೆಯಲ್ಲ ಎಂದು ಯೂನಿಯನ್ನಿನ ದೊಡ್ಡವರಿಗೆ ಜ್ಞಾನೋದಯವಾಯಿತು. ರಿಸ್ಮನ್ ಅದಕ್ಕೆ ಹತ್ತು ತಿಂಗಳು ಮೊದಲೇ, 1994ರ ಅಕ್ಟೋಬರ್‌ನಲ್ಲಿ ತೀರಿಕೊಂಡಿದ್ದ. ಮೊದಲಿನಿಂದಲೂ ಅವಸರದ ಮನುಷ್ಯ.