ಕೈ ಉಳಿಯಿತು, ಆದರೆ ಬೆರಳು ಮಡಚುತ್ತಾ?

'ಕರೆಂಟ್ ಹೊಡೀತು' ಅಂತೀವಿ ನಾವು. 'ಸುಟ್ಟಿತು' ಅನ್ನುವುದಿಲ್ಲ. ಹೊರನಾಡಿಗೆ ಬಂದು ಫಿಸಿಯೋಥೆರಪಿ ಕೆಲಸ ಹಿಡಿದ ಮೇಲೆ ಈ ಮಾತು ನನ್ನನ್ನು ತುಂಬ ಕಾಡಿದೆ. ಹೊಡೆತ ಅಂದರೆ ಬಿದ್ದು ಮುಗಿದದ್ದು, ಅಲ್ವಾ? 1000 ವೋಲ್ಟ್‌ಗೂ ಜಾಸ್ತಿಯ ಲೈನ್ ತಗುಲಿದ ಕೈಯಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ಮೇಲೆ ನಾಣ್ಯದಷ್ಟೇ ಕಪ್ಪು ಗಾಯ ಇರಬಹುದು. ಒಳಗೆ ಮೂಳೆಯ ಪಕ್ಕದ ಸ್ನಾಯು, ನರ, ರಕ್ತನಾಳ ಬೆಂದಿರುತ್ತವೆ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಸತ್ತ ಸ್ನಾಯುವಿನ ಅಂಶ ಕಿಡ್ನಿಗೆ ಹೋಗುತ್ತಿದೆ ಎಂದರ್ಥ.

ಇಂಥ ಕೈಯನ್ನು ನೋಡಿಕೊಳ್ಳುವ ಎರಡು ರೀತಿ ಕಂಡಿದ್ದೇನೆ. ಒಂದು, ಕಾಯುವುದು. ಸತ್ತ ಭಾಗ ತಾನಾಗಿ ಬಿಟ್ಟುಕೊಳ್ಳಲಿ, ಆಮೇಲೆ ತೊಡೆಯ ತೆಳು ಚರ್ಮ ತೆಗೆದು ಕೂರಿಸೋಣ ಅನ್ನುವುದು. ಇದು ಉದಾಸೀನ ಅಲ್ಲ. ಯಾವ ಸ್ನಾಯು ಬದುಕೀತು ಎಂದು ಮೊದಲ ದಿನ ಹೇಳುವುದು ನಿಜಕ್ಕೂ ಕಷ್ಟ.

ಇನ್ನೊಂದು ರೀತಿಯಲ್ಲಿ, ಊದಿ ಬಿಗಿದ ಕೈಯನ್ನು ಮೊದಲ ಕೆಲವು ಗಂಟೆಗಳಲ್ಲೇ ಉದ್ದಕ್ಕೆ ಸೀಳಿ ಒಳಗಿನ ಒತ್ತಡ ಇಳಿಸುತ್ತಾರೆ. ಒಂದೆರಡು ದಿನಕ್ಕೊಮ್ಮೆ ಆಪರೇಷನ್ ಥಿಯೇಟರ್‌ಗೆ ಕರೆದೊಯ್ದು ಸತ್ತದ್ದನ್ನು ತೆಗೆಯುತ್ತಾರೆ. ಗಾಯ ಶುದ್ಧವಾದ ಕೂಡಲೇ ಫ್ಲಾಪ್, ಅಂದರೆ ಮೈಯ ಬೇರೆ ಕಡೆಯ ದಪ್ಪ ಜೀವಂತ ತುಂಡು, ಹಾಕುತ್ತಾರೆ.

ನನ್ನ ಒಲವು ಈ ಎರಡನೆಯದಕ್ಕೆ. ಹೊದಿಕೆ ಕಳೆದುಕೊಂಡ ಮೂಳೆಯ ಮೇಲೆ, ಸ್ನಾಯುರಜ್ಜಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯ) ಮೇಲೆ ತೆಳು ಚರ್ಮ ಹಿಡಿಯುವುದೇ ಇಲ್ಲ. ಹಿಡಿದ ಕಡೆಯೂ ಅಂಟಿಕೊಂಡು, ಬೆರಳು ಮಡಚಲು ಬಿಡುವುದಿಲ್ಲ. ಫ್ಲಾಪ್ ತನ್ನ ರಕ್ತನಾಳದ ಜೊತೆಗೇ ಬರುತ್ತದೆ. ತೊಡೆಸಂದಿನ ಫ್ಲಾಪ್ ಆದರೆ ಕೈಯನ್ನು ಅಲ್ಲಿಗೇ ಹೊಲಿದು ಸುಮಾರು ಮೂರು ವಾರ ಇರಿಸುತ್ತಾರೆ. ಆ ಮೂರು ವಾರ ಭುಜ ಮರಗಟ್ಟುತ್ತದೆ, ನಿದ್ದೆ ಇರುವುದಿಲ್ಲ. ಇಲ್ಲವೇ ಬೆನ್ನಿನ ಸ್ನಾಯುವನ್ನೋ ತೊಡೆಯ ತುಂಡನ್ನೋ ಪೂರ್ತಿ ಬಿಡಿಸಿ ತಂದು, ಮೈಕ್ರೋಸ್ಕೋಪ್ ಕೆಳಗೆ ರಕ್ತನಾಳ ಜೋಡಿಸುತ್ತಾರೆ. ಹಾಗೆ ಮೆತ್ತಗೆ ಮುಚ್ಚಿದ ಕೈಯನ್ನು ತಿಂಗಳುಗಳ ನಂತರ ಮತ್ತೆ ತೆರೆದು ನರ ಕೂಡಿಸಬಹುದು, ಸ್ನಾಯುರಜ್ಜು ಬದಲಿಸಬಹುದು. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ, ಅಷ್ಟೇ. ಅಲ್ಲಿಯವರೆಗೆ ಕೀಲುಗಳು ಬಿಗಿಯದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಮನೆಯವರು ಮೊದಲು ಕೇಳುವುದು, "ಕೈ ಉಳಿಯುತ್ತಾ ಸಾರ್?" ಕೇಳದೆ ಇರಲಾಗುತ್ತದೆಯೇ? ಆದರೆ ಸ್ಪರ್ಶವೂ ಇಲ್ಲದ, ಬೆರಳೂ ಆಡದ ಕೈಯನ್ನು ಉಳಿಸಲು ಹೋಗಿ ಸೋಂಕು ಮೈಗೆಲ್ಲ ಏರಿದರೆ ಜೀವಕ್ಕೇ ಕುತ್ತು. ಮೊಣಕೈ ಉಳಿಸಿ, ಅದರ ಕೆಳಗೆ ಒಳ್ಳೆಯ ಮೋಟು ಸಿಗುವಂತೆ ಕತ್ತರಿಸಿದರೆ ಕೃತಕ ಕೈ ಚೆನ್ನಾಗಿ ಕೂರುತ್ತದೆ. ಅದೂ ಕೈಯನ್ನು ಮತ್ತೆ ರೂಪಿಸುವ ಕೆಲಸವೇ. ಆದ್ದರಿಂದ ಫ್ಲಾಪ್ ಯಾವಾಗ, ಕೈಯನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಸ್ಪ್ಲಿಂಟ್ ಯಾವಾಗ, ವ್ಯಾಯಾಮ ಎಂದಿನಿಂದ ಅಂತಲೂ ಕೇಳಿ. ಮೊದಲ ವಾರದಲ್ಲೇ ಕೇಳಿ.