ಪಂಡೋರಳ ಗುಡಾಣ

ಭಾನುವಾರ ಬೆಳಗ್ಗೆ ಅವರೆಕಾಳು ಹಿದುಕುತ್ತಾ ಕೂತಿದ್ದೆ. ರಾತ್ರಿ ನೆನೆಹಾಕಿದ್ದ ಕಾಳಿನ ಪಾತ್ರೆ ಪೂರ್ತಿ ನನ್ನ ಪಾಲಿಗೇ ಬಂದಿತ್ತು. ಬೆರಳ ತುದಿಗಳು ಸುಕ್ಕುಗಟ್ಟಿ ಉಗುರಿನ ಸಂದಿ ಉರಿಯುತ್ತಿರುವಾಗ ಫೋನ್ ಬಂತು. ಅಕ್ಕನ ಮಗಳು. ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದಾಳೆ. ಒಣಗಿದ್ದ ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ.

"ಮಾಮ, ಮಿತ್‌ಗೂ ಫೇರಿ ಟೇಲ್‌ಗೂ ಏನು ವ್ಯತ್ಯಾಸ? ಬೇಗ ಹೇಳು. ನಾಳೆ ಟೆಸ್ಟು. ಹತ್ತು ಮಾರ್ಕ್ಸ್‌ದು."

ಪುರಾಣಕಥೆಗೂ ಅಜ್ಜಿಕಥೆಗೂ ಏನು ವ್ಯತ್ಯಾಸ ಅಂತ! ನನ್ನನ್ನು ಯಾರಾದರೂ ಇಂಥ ಪ್ರಶ್ನೆ ಕೇಳಿ ಎಷ್ಟು ವರ್ಷವಾಗಿತ್ತೋ. ಮನೆಯಲ್ಲಿ ನನ್ನನ್ನು ಕೇಳುವುದೆಲ್ಲ ಗ್ಯಾಸ್ ಬುಕ್ ಮಾಡಿದಿರಾ ಅಂತ. "ಹೇಳ್ತೀನಿ ಕಣೇ, ಅದಕ್ಕೇನಂತೆ. ಮೊದಲು ನಿಮ್ಮ ನೋಟ್ಸ್‌ನಲ್ಲಿ ಏನಿದೆ ಓದು" ಅಂದೆ.

ಓದಿದಳು. ಗ್ರೀಕ್ ಪುರಾಣದ ಕಥೆ. ಪ್ರೊಮಿಥ್ಯೂಸ್ ಎಂಬವನು ದೇವರುಗಳ ಬೆಂಕಿ ಕದ್ದ. ದೇವರುಗಳ ರಾಜ ಜ್ಯೂಸ್‌ಗೆ ಸಿಟ್ಟು ಬಂತು. (ಈ ಹೆಸರು ಕೇಳಿದಾಗ ಹಣ್ಣಿನ ಅಂಗಡಿ ನೆನಪಾಗದ ಕನ್ನಡಿಗ ಇದ್ದರೆ ಅವನಿಗೊಂದು ನಮಸ್ಕಾರ.) ಮನುಷ್ಯರಿಗೆ ಬುದ್ಧಿ ಕಲಿಸಲು ಮಣ್ಣು ಕಲಸಿ ಪಂಡೋರ ಅನ್ನುವ ಹೆಣ್ಣನ್ನು ಮಾಡಿಸಿ ಕಳಿಸಿದ. ಅವಳು ಕೇಡುಗಳು ತುಂಬಿದ್ದ ಬಾಕ್ಸ್ ತೆರೆದಳು...

"ಬಾಕ್ಸ್ ಅಲ್ಲ" ಅಂದೆ.

"ಏನು?"

"ಬಾಕ್ಸ್ ಅಲ್ಲ ಅದು. ಗುಡಾಣ."

ಆ ಕಡೆ ಸದ್ದಿಲ್ಲ.

ಈ ಪೆಟ್ಟಿಗೆಯ ಮೇಲೆ ನನಗೆ ಹಳೇ ಸಿಟ್ಟಿದೆ. ಎಲ್ಲಾದರೂ ಒಂದು ಹಗರಣ ಹೊರಬಂದರೆ ಸಾಕು, ಮಾರನೇ ದಿನ ಪತ್ರಿಕೆಯ ತಲೆಬರಹದಲ್ಲಿ ಪಂಡೋರಾ ಪೆಟ್ಟಿಗೆ ತೆರೆದಿರುತ್ತದೆ. ಕಾಫಿ ಕಹಿಯಾಗಲು ನನಗೆ ಅಷ್ಟು ಸಾಕು, ಹಗರಣ ಬೇಕಿಲ್ಲ. ಕ್ರಿಸ್ತಪೂರ್ವ 700ರ ಸುಮಾರಿಗೆ ಈ ಕಥೆ ಹೇಳಿದ ಹೆಸಿಯಡ್ ಎಂಬ ಗ್ರೀಕ್ ಕವಿ ಬಳಸಿದ ಪದ ಪಿಥೋಸ್. ಧಾನ್ಯ, ಎಣ್ಣೆ, ದ್ರಾಕ್ಷಾರಸ ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ. ಕ್ರೀಟ್ ದ್ವೀಪದ ಕ್ನೋಸಸ್ ಅರಮನೆಯ ಉಗ್ರಾಣದಲ್ಲಿ ಆಳೆತ್ತರದವು ಸಿಕ್ಕಿವೆ. ಹೆಸಿಯಡ್ ಆಗಿ ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಳೆದ ಮೇಲೆ, 16ನೇ ಶತಮಾನದಲ್ಲಿ, ಎರಾಸ್ಮಸ್ ಎಂಬ ಡಚ್ ಪಂಡಿತ ಅದನ್ನೇ ಲ್ಯಾಟಿನ್‌ನಲ್ಲಿ ಹೇಳಹೊರಟು ಪಿಕ್ಸಿಸ್ ಅಂತ ಬರೆದ. ಪಿಕ್ಸಿಸ್ ಅಂದರೆ ನಮ್ಮ ಕುಂಕುಮದ ಭರಣಿಯಂಥ ಡಬ್ಬಿ. ಅಲ್ಲಿಗೆ ಮುಗಿಯಿತು. ಚಿತ್ರ ಬರೆಯುವವರು ಪಂಡೋರಳ ಕೈಗೆ ಒಡವೆ ಡಬ್ಬಿ ಕೊಟ್ಟರು. ಇಂಗ್ಲಿಷಿನವರು ಬಾಕ್ಸ್ ಅಂದರು. ನಾವು ಪೆಟ್ಟಿಗೆ ಅಂದೆವು. ಊರಿನ ಮನೆ ಮೂಲೆಯಲ್ಲೇ ಗುಡಾಣ ಕೂತಿರುವಾಗ ನಮಗಾದರೂ ಬುದ್ಧಿ ಬೇಡವೇ? ಡಯೋಜಿನೀಸ್ ಎಂಬ ಗ್ರೀಕ್ ತತ್ವಜ್ಞಾನಿಗೂ ಇದೇ ಗತಿ. ಪಾಪ, ಅವನು ಮಲಗುತ್ತಿದ್ದದ್ದೂ ಪಿಥೋಸ್‌ನಲ್ಲೇ. ಅವನನ್ನು ಎತ್ತಿ ಪೀಪಾಯಿಗೆ ಹಾಕಿದರು.

ಹೆಸಿಯಡ್ ಒಕ್ಕಲು ಮಾಡುತ್ತಿದ್ದವನು. ಅಪ್ಪನ ಆಸ್ತಿ ಪಾಲಾಗುವಾಗ ಒಡಹುಟ್ಟಿದವನು ಜಾಸ್ತಿ ಹೊಡೆದುಕೊಂಡ ಅಂತ ಸಿಟ್ಟು. ಆ ಒಡಹುಟ್ಟಿದವನಿಗೆ ಬೈಯುತ್ತಾ, ಬುದ್ಧಿ ಹೇಳುತ್ತಾ ಬರೆದ ಪದ್ಯದಲ್ಲೇ ಪಂಡೋರಳ ಕಥೆ ಬರುವುದು. ಅದೇ ಪದ್ಯದಲ್ಲಿ ಇನ್ನೊಂದು ಮಾತಿದೆ: ಪಿಥೋಸ್ ತೆರೆದ ಹೊಸದರಲ್ಲಿ ಕೈಬಿಚ್ಚಿ ಬಳಸು, ತಳ ಕಾಣುವಾಗಲೂ ಬಳಸು, ನಡುವೆ ಮಾತ್ರ ಹಿಡಿತ ಇರಲಿ, ತಳಕ್ಕೆ ಬಂದ ಮೇಲೆ ಉಳಿಸಿ ಏನು ಪ್ರಯೋಜನ? ಇದು ಕುಂಕುಮದ ಭರಣಿ ಮುಂದೆ ಇಟ್ಟುಕೊಂಡು ಆಡುವ ಮಾತಾ? ನಮ್ಮಜ್ಜಿ ಸೊಸೆಯರಿಗೆ ದಿನಾ ಹೇಳುತ್ತಿದ್ದದ್ದೂ ಹೆಚ್ಚುಕಮ್ಮಿ ಇದನ್ನೇ. ಹಿಡಿತದ ಭಾಗ ಮಾತ್ರ.

ನಮ್ಮ ಊರಮನೆಯ ನಡುಮನೆಯಲ್ಲಿ ಮೂರು ಗುಡಾಣಗಳಿದ್ದವು. ಒಂದರಲ್ಲಿ ಹುರುಳಿ, ಇನ್ನೊಂದರಲ್ಲಿ ಕೆಮ್ಮಣ್ಣು ಕಟ್ಟಿದ ತೊಗರಿ. ಮೂರನೆಯದು ಖಾಲಿ ಅಂತ ನಾವು ಮಕ್ಕಳು ನಂಬಿದ್ದೆವು. ನಾನು ಏಳು ವರ್ಷದವನಿದ್ದಾಗ ಒಂದು ಮಧ್ಯಾಹ್ನ ಇರುವೆ ಸಾಲೊಂದು ಹೊಸಿಲು ದಾಟಿ, ಗೋಡೆಯಂಚಿಗೆ ಹೋಗಿ, ಆ ಖಾಲಿ ಗುಡಾಣ ಹತ್ತುತ್ತಿರುವುದು ಕಂಡಿತು. ಇರುವೆ ಸುಮ್ನೆ ಯಾಕೆ ಹತ್ತುತ್ತದೆ? ಬೀಸುವ ಕಲ್ಲಿನ ಮೇಲೆ ನಿಂತು ಮುಚ್ಚಳ ಸರಿಸಿದೆ. ಬೆಲ್ಲದ ವಾಸನೆ ಬಂತು. ಅಜ್ಜಿ ಮಣೆ ಹಾಕಿಕೊಂಡು ಬಗ್ಗಿದರೆ ಕೈ ತಳ ಮುಟ್ಟುತ್ತಿತ್ತು. ನನ್ನದು ಮುಟ್ಟಲಿಲ್ಲ. ಕಾಲು ಇಳಿಬಿಟ್ಟೆ.

ಒಳಗೆ ಹೋಗುವುದು ಬಹಳ ಸುಲಭ. ಎರಡು ಅಚ್ಚು ಬೆಲ್ಲ ತಿಂದು ಮುಗಿಸಿ ಎದ್ದು ನಿಂತಾಗಲೇ ಗೊತ್ತಾದದ್ದು. ನನ್ನ ತಲೆ ಗುಡಾಣದ ಕಂಠಕ್ಕೆ ನಾಲ್ಕು ಬೆರಳು ಕೆಳಗಿತ್ತು. ಕೈ ಎತ್ತಿದರೆ ಅಂಚು ಸಿಗುತ್ತದೆ, ಕಾಲು ಊರಲು ಏನೂ ಇಲ್ಲ. ಹೊಟ್ಟೆ ಊದಿದ ಪಾತ್ರೆ, ಒಳಗೆಲ್ಲ ನುಣುಪು. ಜಿಗಿದರೆ ಬೆಲ್ಲದ ಕೈ ಜಾರುತ್ತದೆ. ಅಷ್ಟರಲ್ಲಿ ದೊಡ್ಡಪ್ಪನ ಮಗ ಬಂದು ಬಗ್ಗಿ ನೋಡಿದ.

"ಬೆಲ್ಲ ಕೊಡೋ."

"ಕೊಡಲ್ಲ."

ಅವನು ಮುಚ್ಚಳ ಮುಚ್ಚಿ ಗೋಲಿ ಆಡಲು ಹೋದ.

ಒಳಗೆ ಹೇಗಿತ್ತು ಅಂತ ಈಗಲೂ ಹೇಳಬಲ್ಲೆ. ಹಳೇ ಹುರುಳಿ, ಒಣಗಿದ ಬೇವಿನ ಸೊಪ್ಪು, ಬೆಲ್ಲ, ಇವುಗಳ ಜೊತೆಗೆ ನನ್ನದೇ ಉಸಿರಿನ ವಾಸನೆ. ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು. ಪಾಲು ಕಳೆದುಕೊಂಡ ಇರುವೆಗಳು ಕಾಲಿನಿಂದ ಶುರುಮಾಡಿ ಮೇಲಕ್ಕೆ ಬರುತ್ತಿದ್ದವು. "ಅಜ್ಜೀ" ಅಂತ ಕೂಗಿದರೆ ಆ ದನಿ ಹೊರಗೆ ಹೋಗದೆ ನನ್ನ ತಲೆಯ ಮೇಲೇ ಬೀಳುತ್ತಿತ್ತು. ಹೊರಗೆ ಅಜ್ಜಿಗೆ ಬರೀ ಗುಂಯ್ ಅನ್ನುವ ಸದ್ದು ಕೇಳಿಸಿ, ನಡುಮನೆಗೆ ಜೇನು ಬಂದಿದೆ ಅಂತ ಹೊಗೆ ಹಾಕಲು ಕೆಂಡ ತರಹೋಗಿದ್ದಳಂತೆ.

ಸಿಕ್ಕಿಬಿದ್ದ ಮೇಲೆ ಸಭೆ ಸೇರಿತು. ಚಿಕ್ಕಪ್ಪ ಒಡೆದುಬಿಡೋಣ ಅಂದ. ತಾತ ಒಪ್ಪಲಿಲ್ಲ. "ಇಂಥ ಗುಡಾಣ ಮಾಡೋ ಕುಂಬಾರ ಈಗ ಇಲ್ಲ ಕಣಯ್ಯ. ಹುಡುಗ್ರಿಗೇನು ಬರ?" ಅಂದ. ಈ ಮಾತು ನನಗೆ ಒಳಗೆ ಚೆನ್ನಾಗಿ ಕೇಳಿಸಿತು. ಹೊರಗಿನ ಮಾತು ಒಳಗೆ ಬರಲು ಯಾವ ತೊಂದರೆಯೂ ಇರಲಿಲ್ಲ ನೋಡಿ. ಕೊನೆಗೆ ಗೋಣಿಚೀಲ ಹಾಸಿ, ನಾಲ್ಕು ಜನ ಹಿಡಿದು, ಗುಡಾಣವನ್ನು ಬಸುರಿ ಹೆಂಗಸನ್ನು ಮಲಗಿಸುವಷ್ಟು ಜೋಪಾನವಾಗಿ ಮಲಗಿಸಿದರು. ನನ್ನನ್ನು ಕಾಲು ಹಿಡಿದು ಎಳೆದರು. ಅಜ್ಜಿ ಮೊದಲು ಗುಡಾಣದ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿ ಇಟ್ಟು ಕೇಳಿದಳು. ಟಣ್ ಅಂದಿತು. ಬಿರುಕು ಬಿಟ್ಟಿಲ್ಲ ಅಂತ ಖಾತ್ರಿಯಾದ ಮೇಲೆ ನನಗೆ ಹೊಡೆದಳು.

ಹನ್ನೆರಡು ವರ್ಷ ಕಳೆದು ಬಿ.ಎ. ತರಗತಿಯಲ್ಲಿ ಮೇಷ್ಟರು ಪಂಡೋರಳ ಪಾಠ ಮಾಡಿದರು. ಎಲ್ಲ ಕೇಡುಗಳೂ ಹಾರಿಹೋದವು, ಭರವಸೆಯೊಂದು ಮಾತ್ರ ಬಾಕ್ಸಿನ ತಳದಲ್ಲಿ ಉಳಿಯಿತು ಅಂತ ನೋಟ್ಸ್ ಬರೆಸಿದರು. ಆಮೇಲೆ ಗ್ರಂಥಾಲಯದಲ್ಲಿ ಹೆಸಿಯಡ್‌ನ ಇಂಗ್ಲಿಷ್ ಅನುವಾದ ಸಿಕ್ಕಿತು. ತೆಗೆದು ನೋಡಿದರೆ ತಳವೂ ಇಲ್ಲ, ಬಾಕ್ಸೂ ಇಲ್ಲ. ಪಾತ್ರೆಯ ಅಂಚಿನ ಕೆಳಗೆ, ಹೊರಗೆ ಹಾರುವಷ್ಟರಲ್ಲಿ ಮುಚ್ಚಳ ಬಿದ್ದು, ಭರವಸೆ ಅಲ್ಲೇ ನಿಂತಿತು ಅಂತಿದೆ. ಕಂಠಕ್ಕೆ ನಾಲ್ಕು ಬೆರಳು ಕೆಳಗೆ! ಓದಿದ ತಕ್ಷಣ ಕಾಲು ಕಡಿಯತೊಡಗಿತು. ಭರವಸೆ ಒಳ್ಳೆಯದೋ ಕೆಟ್ಟದ್ದೋ, ಒಳ್ಳೆಯದಾದರೆ ಕೇಡುಗಳ ಜೊತೆ ಅದನ್ನು ಯಾಕೆ ತುಂಬಿದ್ದರು ಅಂತ ವಿದ್ವಾಂಸರು ಇವತ್ತಿಗೂ ಜಗಳವಾಡುತ್ತಾರೆ. ಅದು ಉಳಿದದ್ದಲ್ಲ, ಸಿಕ್ಕಿಕೊಂಡದ್ದು. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.

ಮಾರನೇ ದಿನ ತರಗತಿಯಲ್ಲಿ ಎದ್ದು ನಿಂತೆ. "ಸರ್, ಬಾಕ್ಸ್ ಅಲ್ಲ, ಜಾರ್ ಅಂತಿದೆ."

"ಮಿಕ್ಸಿ ಜಾರಾ?" ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಇಡೀ ಕ್ಲಾಸು ನಕ್ಕಿತು. ಮೇಷ್ಟರೂ ನಕ್ಕರು. "ಪರೀಕ್ಷೆಗೆ ಬಾಕ್ಸ್ ಅಂತಲೇ ಬರಿಯಪ್ಪ. ಜಾರ್ ಅಂದ್ರೆ ಮಾರ್ಕ್ಸ್ ಜಾರುತ್ತೆ" ಅಂದರು. ಮೇಷ್ಟರನ್ನು ಯಾವತ್ತೋ ಕ್ಷಮಿಸಿದ್ದೇನೆ. ಆ ಜೋಕನ್ನು ಕ್ಷಮಿಸಿಲ್ಲ.

"ಮಾಮ, ಇದೀಯಾ?"

"ಇದೀನಿ ಕಣೇ. ನಿನಗೆ ವ್ಯತ್ಯಾಸ ತಾನೇ ಬೇಕು? ಸೈಕಿ ಕಥೆ ತಗೋ." (ಕನ್ನಡ ಮಾಧ್ಯಮದ ನಾನು ಈ ಹೆಸರನ್ನು ಮೊದಲ ಸಲ 'ಪ್ಸಿಚೆ' ಅಂತ ಓದಿದ್ದೆ. ಬರೆದ ಹಾಗೆ ಓದುವುದು ನಮ್ಮಲ್ಲಿ ತಪ್ಪಲ್ಲ.) 2ನೇ ಶತಮಾನದಲ್ಲಿ ಅಪುಲೀಯಸ್ ಎಂಬ ಲೇಖಕ ಲ್ಯಾಟಿನ್‌ನಲ್ಲಿ ಬರೆದ ಕಥೆ. ಇರುವವರೆಲ್ಲ ದೇವರುಗಳು, ನಡೆಯುವುದೆಲ್ಲ ಅಜ್ಜಿಕಥೆ. ವೀನಸ್ ದೇವಿಯೇ ಅತ್ತೆ. ಸೊಸೆ ಸೈಕಿಯ ಮುಂದೆ ಗೋಧಿ, ಬಾರ್ಲಿ, ಗಸಗಸೆ, ಕಡಲೆ, ಬೇಳೆ ಎಲ್ಲ ಕಲಸಿ ರಾಶಿ ಹಾಕುತ್ತಾಳೆ. ರಾತ್ರಿಯೊಳಗೆ ಬೇರೆಬೇರೆ ಮಾಡಿಡಬೇಕು. ಸೊಸೆ ಮಂಕಾಗಿ ಕೂರುತ್ತಾಳೆ. ಇರುವೆಗಳು ಬಂದು ಆರಿಸಿಕೊಡುತ್ತವೆ. ಇವು ಬೇರೆ ವಂಶದ ಇರುವೆಗಳು.

ಇದನ್ನು ಕಾಲೇಜು ರಜೆಯಲ್ಲಿ ಅಜ್ಜಿಗೆ ಹೇಳಿದ್ದೆ. ಅಜ್ಜಿ ಪೂರ್ತಿ ಕೇಳಿ, "ಅವರ ಮನೇಲಿ ಮೊರ ಇರಲಿಲ್ವಾ?" ಅಂದಳು.

"ಗೊತ್ತಿಲ್ಲ ಅಜ್ಜಿ."

"ಜರಡೀನೂ ಇರಲಿಲ್ವಾ? ಗಸಗಸೆ ಕೆಳಗೆ ಇಳಿಯುತ್ತೆ, ಕಡಲೆ ಮೇಲೆ ನಿಲ್ಲುತ್ತೆ. ಉಳಿದದ್ದು ಕೇರಿದರೆ ಆಯ್ತು. ಊಟದ ಹೊತ್ತಿಗೆ ಮುಗಿಯೋ ಕೆಲಸ. ಅದಕ್ಕೆ ಅಳ್ತಾ ಕೂತ್ಕೋಬೇಕಾ?"

ಪಂಡೋರಳ ಬಗ್ಗೆಯೂ ಅವಳದು ಒಂದೇ ಮಾತು. ಮುಚ್ಚಳದ ಮೇಲೆ ಕಲ್ಲು ಹೇರಬೇಕಿತ್ತು.

"ಮಾಮ, ಹಾಗಾದ್ರೆ ಸೈಕಿ ಮಿತ್ತಾ, ಫೇರಿ ಟೇಲಾ?"

"ಅಲ್ಲೇ ಇದೆ ನೋಡು ನಿನ್ನ ಉತ್ತರ" ಅಂದೆ. ಎಲ್ಲಿದೆ ಅಂತ ನಾನೂ ಒಂದು ಕ್ಷಣ ಹುಡುಕಿದೆ. ಸಿಗಲಿಲ್ಲ. ಹಾಗಾಗಿ ಸಿಂಡರೆಲಾಗೆ ಹೋದೆ. ಎರಡು ಸಾವಿರ ವರ್ಷದ ಹಿಂದೆ ಸ್ಟ್ರಾಬೊ ಎಂಬ ಗ್ರೀಕನೇ ಅಂಥದ್ದೊಂದು ಕಥೆ ಬರೆದಿಟ್ಟಿದ್ದಾನೆ. ಈಜಿಪ್ಟಿನಲ್ಲಿ ರೊಡೋಪಿಸ್ ಎಂಬ ಹೆಂಗಸು ಸ್ನಾನ ಮಾಡುವಾಗ ಹದ್ದು ಅವಳ ಒಂದು ಚಪ್ಪಲಿ ಕಚ್ಚಿಕೊಂಡು ಹೋಗಿ ರಾಜನ ಮಡಿಲಿಗೆ ಹಾಕಿತಂತೆ. ರಾಜ ಚಪ್ಪಲಿಯ ಒಡತಿಯನ್ನು ಹುಡುಕಿಸಿ ಮದುವೆಯಾದನಂತೆ. ನಮ್ಮಲ್ಲಿ ಹದ್ದು ಮಡಿಲಿಗೆ ಚಪ್ಪಲಿ ಹಾಕಿದರೆ ಮೊದಲು ಸ್ನಾನ, ಆಮೇಲೆ ಶಾಂತಿ. ಮದುವೆ ಮಾತೇ ಇಲ್ಲ. ಅದಕ್ಕೇ ಏನೋ, ಎ.ಕೆ. ರಾಮಾನುಜನ್ ಕನ್ನಡದ ಸಿಂಡರೆಲಾ ಅಂತ ಇಂಗ್ಲಿಷ್ ಓದುಗರಿಗೆ ತೋರಿಸಿದ ಹಂಚಿಯ ಕಥೆಯಲ್ಲಿ ಗುಟ್ಟು ಕಾಲಲ್ಲಿಲ್ಲ, ಮುಖದಲ್ಲಿದೆ. ಚಿನ್ನದ ಕೂದಲಿನ ಹುಡುಗಿ. ಅವಳ ಚೆಲುವು ಯಾರ ಕಣ್ಣಿಗೂ ಬೀಳದಿರಲಿ ಅಂತ ತಾಯಿ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿ ಮನೆಯಿಂದ ಕಳಿಸುತ್ತಾಳೆ. ಹಂಚಿನ ಮುಖದವಳು, ಹಂಚಿ. ಗಾಜಿನ ಬೂಟಿಗಿಂತ ಇದು ಎಷ್ಟೋ ಮೇಲು. ಗಾಜಿನ ಬೂಟು ಹಾಕಿ ಮೆಟ್ಟಿಲು ಇಳಿಯುವುದು ಸುಲಭವಾ?

"ಹಂಚಿ ನಮ್ಮ ಸಿಲಬಸ್‌ನಲ್ಲಿಲ್ಲ ಮಾಮ. ಸರಿ, ಇಡ್ಲಾ?"

"ವ್ಯತ್ಯಾಸ ಬೇಡ್ವಾ?"

"ಗೈಡ್‌ನಲ್ಲಿ ಐದು ಪಾಯಿಂಟ್ ಇದೆ, ಅದನ್ನೇ ಬರೀತೀನಿ. ಅಂದ ಹಾಗೆ, ಆ ಗುಡಾಣ ಈಗ ಎಲ್ಲಿದೆ?"

ಗುಡಾಣ ಊರಲ್ಲೇ ಇದೆ, ಬೀಗ ಹಾಕಿದ ಮನೆಯಲ್ಲಿ. ಪಾಲಾಗುವಾಗ ಯಾರಿಗೂ ಬೇಕಾಗಲಿಲ್ಲ. ಅದರ ಮುಚ್ಚಳ ಮಾತ್ರ ನಾನು ತಂದೆ. ಇಲ್ಲಿ ಬಾಲ್ಕನಿಯಲ್ಲಿ ಮಗುಚಿಟ್ಟು, ಗುಬ್ಬಿ ಬರಲಿ ಅಂತ ನೀರು ಹಾಕಿಡುತ್ತೇನೆ. ಬರುವುದು ಪಾರಿವಾಳ. ಗ್ರಿಮ್ ಸೋದರರ ಸಿಂಡರೆಲಾ ಕಥೆಯಲ್ಲಿ ಮಲತಾಯಿ ಬೂದಿಯಲ್ಲಿ ಬೇಳೆ ಚೆಲ್ಲಿ ಆರಿಸು ಅಂದಾಗ ಪಾರಿವಾಳಗಳೇ ಹಿಂಡಾಗಿ ಬಂದು ಟಕಟಕ ಆರಿಸಿಕೊಡುತ್ತವೆ. ನನ್ನ ಪಾರಿವಾಳಗಳು ನೀರು ಕುಡಿದು, ಅದರಲ್ಲೇ ಸ್ನಾನ ಮಾಡಿ, ಮುಚ್ಚಳದ ಅಂಚಿನ ತುಂಬ ಹಿಕ್ಕೆ ಹಾಕಿ, ಕಟಕಟೆಯ ಮೇಲೆ ಸಾಲಾಗಿ ಕೂತಿದ್ದವು. ಪಾತ್ರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಅವರೆಕಾಳು ಹಾಗೇ ಇತ್ತು. ಅವು ನೋಡುತ್ತಿದ್ದವು. ನಾನು ಹಿದುಕುತ್ತಿದ್ದೆ.