ಗೆರೆ ಮೇಲೆ ಗೆರೆ ಕೂತರೆ ಸಾಲದು

ನದಿ ಮತ್ತು ಅಂತರ್ಜಲದ ಕಂಪ್ಯೂಟರ್ ಮಾಡೆಲ್ ಕಟ್ಟುವುದು ನನ್ನ ಕೆಲಸ. ಮಳೆ, ಉಷ್ಣಾಂಶ, ಮಣ್ಣು, ಗಿಡಮರಗಳ ಲೆಕ್ಕ ಕೊಟ್ಟರೆ ನದಿಗೆ ಎಷ್ಟು ನೀರು ಬರುತ್ತದೆ ಅಂತ ಮಾಡೆಲ್ ಹೇಳಬೇಕು. ಗ್ರಾಫ್‌ನಲ್ಲಿ, ಅಳೆದ ಹರಿವಿನ ನೀಲಿ ಗೆರೆ ಮೇಲೆ ಮಾಡೆಲ್‌ನ ಕೆಂಪು ಗೆರೆ ಬಂದು ಕೂತಾಗ ಆಗುವ ಖುಷಿ ದೊಡ್ಡದು. ಆ ಖುಷಿಯನ್ನು ಅಷ್ಟು ಸುಲಭಕ್ಕೆ ನಂಬಬಾರದು ಅಂತ ಅರ್ಥವಾಗಲು ನನಗೆ ವರ್ಷಗಳೇ ಹಿಡಿದವು.

ಒಮ್ಮೆ ಒಂದು ನದಿಯ ಹದಿನೈದು ವರ್ಷಗಳ ದಾಖಲೆಗೆ ಮಾಡೆಲ್ ಹೊಂದಿಸಿದ್ದೆ. ತಾಳೆ ನೋಡಲು ನಾವು ನ್ಯಾಶ್-ಸಟ್‌ಕ್ಲಿಫ್ ಅಂಕ ಬಳಸುತ್ತೇವೆ. 1 ಬಂದರೆ ಪೂರ್ತಿ ತಾಳೆ. ನನ್ನದು 0.85 ದಾಟಿತ್ತು. ಆಮೇಲೆ ಅದೇ ನದಿಯ ಸತತ ನಾಲ್ಕು ಬರದ ವರ್ಷಗಳ ಮಳೆ ಕೊಟ್ಟು ಓಡಿಸಿದೆ. ನದಿಯಲ್ಲಿ ನಿಜಕ್ಕೂ ಹರಿದಿದ್ದರ ಹೆಚ್ಚೂಕಡಿಮೆ ಎರಡರಷ್ಟು ನೀರು ತೋರಿಸಿತು! ಕೋಡ್‌ನಲ್ಲಿ ತಪ್ಪು ಹುಡುಕಿ ಮೂರು ದಿನ ಕಳೆದೆ. ತಪ್ಪು ಅಲ್ಲಿರಲೇ ಇಲ್ಲ. ಮಳೆ ಚೆನ್ನಾಗಿದ್ದ ವರ್ಷಗಳಲ್ಲಿ ಅಂತರ್ಜಲ ಒಸರಿ ನದಿಗೆ ಸೇರುತ್ತಿತ್ತು. ಬರ ಮುಂದುವರಿದಂತೆ ಅಂತರ್ಜಲ ನದಿಯ ತಳಕ್ಕಿಂತ ಕೆಳಗಿಳಿದು, ನದಿ ನೀರೇ ನೆಲಕ್ಕೆ ಇಂಗತೊಡಗಿತ್ತು. ನನ್ನ ಮಾಡೆಲ್‌ಗೆ ನೀರು ಹಾಗೂ ಹೋಗಬಹುದು ಅಂತ ಗೊತ್ತೇ ಇರಲಿಲ್ಲ, ನಾನು ಹೇಳಿಕೊಟ್ಟಿರಲಿಲ್ಲ.

ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಇದೇ ಬಗೆಯದು ಎಷ್ಟೋ ದೊಡ್ಡದಾಗಿ ಕಂಡಿದೆ. 1997ರಿಂದ 2009ರವರೆಗೆ ಅಲ್ಲಿ ಭಾರಿ ಬರ. ಮಳೆ ಮರಳಿ ಏಳು ವರ್ಷವಾದರೂ ಸುಮಾರು ಮೂರನೇ ಒಂದರಷ್ಟು ಜಲಾನಯನಗಳಲ್ಲಿ (ಒಂದು ನದಿಗೆ ನೀರು ಹರಿದು ಬರುವ ಪ್ರದೇಶಗಳಲ್ಲಿ) ಹರಿವು ಮೊದಲಿನಂತಾಗಲಿಲ್ಲ ಅಂತ 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಷ್ಟೇ ಮಳೆ ಬಿದ್ದರೂ ಹರಿಯುವ ನೀರು ಕಡಿಮೆ. ಬರ ಮುಗಿದರೆ ನದಿ ತಾನಾಗಿ ಸರಿಹೋಗುತ್ತದೆ ಅನ್ನುವ ಊಹೆ ನಮ್ಮ ಎಷ್ಟೋ ಮಾಡೆಲ್‌ಗಳ ಒಳಗೆ ಸದ್ದಿಲ್ಲದೆ ಕೂತಿದೆ.

ಹಳೆಯ ದಾಖಲೆಯನ್ನೇ ನಂಬಿ ಕೆಟ್ಟಿದ್ದಕ್ಕೆ ಅಮೆರಿಕದ ಕೊಲರಾಡೊ ನದಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1922ರ ಒಪ್ಪಂದದಲ್ಲಿ ವರ್ಷಕ್ಕೆ ಮೇಲ್ಕಣಿವೆಗೆ 75 ಲಕ್ಷ, ಕೆಳಕಣಿವೆಗೆ 75 ಲಕ್ಷ ಎಕರೆ-ಅಡಿ (ಒಂದು ಎಕರೆ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ) ಅಂತ ಹಂಚಿಬಿಟ್ಟರು. ಆ ಲೆಕ್ಕಕ್ಕೆ ಆಧಾರವಾದ ವರ್ಷಗಳು ಅಸಾಧಾರಣವಾಗಿ ನೀರು ಹರಿದ ವರ್ಷಗಳು ಅಂತ ಆಮೇಲೆ ಮರಗಳ ಕಾಂಡದೊಳಗೆ ವರ್ಷವರ್ಷಕ್ಕೆ ಮೂಡುವ ಬಳೆಗಳ ಅಗಲ ಅಳೆದಾಗ ಗೊತ್ತಾಯಿತು. 2022ರಲ್ಲಿ ಅದೇ ನದಿಯ ಲೇಕ್ ಮೀಡ್ ಜಲಾಶಯ, 1930ರ ದಶಕದಲ್ಲಿ ತುಂಬಿದಾಗಿನಿಂದ ಕಾಣದಷ್ಟು ತಳ ಕಂಡಿತು.

ಈಗ ಹವಾಮಾನವೇ ಬದಲಾಗುತ್ತಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ. ಸುರಿದಾಗ ಧೋ ಎಂದು ಸುರಿಯುತ್ತದೆ, ಸುರಿಯದಾಗ ಮಣ್ಣಿನ ತೇವವನ್ನೇ ಹೀರುತ್ತದೆ. ಒಣಗಿದ ಮಣ್ಣು ಮೊದಲ ಮಳೆಯನ್ನೆಲ್ಲ ತಾನೇ ಕುಡಿಯುತ್ತದೆ, ಮಿಕ್ಕಿದ್ದಷ್ಟೇ ನದಿಗೆ. ಅದಕ್ಕೇ ಒಣ ಪ್ರದೇಶಗಳಲ್ಲಿ ಮಳೆ ಶೇ. 10 ಕಡಿಮೆಯಾದರೆ ಹರಿವು ಶೇ. 20-30ರಷ್ಟು ಇಳಿಯುವುದುಂಟು. ಇದರ ಜೊತೆಗೆ ಕಾಡು ಕಡಿದಿರುತ್ತದೆ, ಬೋರ್‌ವೆಲ್ ಹೆಚ್ಚಿರುತ್ತವೆ, ಕೆರೆ ಜಾಗದಲ್ಲಿ ಕಾಂಕ್ರೀಟ್ ಬಂದಿರುತ್ತದೆ.

ಪರಿಸ್ಥಿತಿ ಬದಲಾದಾಗಲೂ ಮಾಡೆಲ್ ನಿಲ್ಲುತ್ತದೆಯೇ ಅಂತ ಪರೀಕ್ಷಿಸುವುದು ಹೇಗೆ ಅಂತ ವೀಟ್ ಕ್ಲೆಮೆಶ್ ಅನ್ನುವ ಜಲವಿಜ್ಞಾನಿ 1986ರಲ್ಲೇ ಬರೆದಿದ್ದಾರೆ: ಮಳೆ ಹೆಚ್ಚಿದ್ದ ವರ್ಷಗಳಲ್ಲಿ ಮಾಡೆಲ್ ಹೊಂದಿಸಿ, ಒಣ ವರ್ಷಗಳಲ್ಲಿ ಪರೀಕ್ಷಿಸಿ, ಆಮೇಲೆ ಉಲ್ಟಾ ಮಾಡಿ. ಅಷ್ಟೇ. ಇಷ್ಟು ವರ್ಷವಾದರೂ ಇದನ್ನು ಬಿಟ್ಟು ಬರೀ ಒಂದು ಒಳ್ಳೆಯ ಅಂಕ ತೋರಿಸುವ ವರದಿಗಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಆ ಅಂಕದ ಮೇಲೆ ಅಣೆಕಟ್ಟು ಕಟ್ಟುತ್ತಾರೆ, ಜನರಿಗೆ ನೀರು ಹಂಚುತ್ತಾರೆ.

ಆ ನದಿಯ ಮಾಡೆಲನ್ನು ನಾನು ಬಿಚ್ಚಿ ಮತ್ತೆ ಕಟ್ಟಿದೆ, ನದಿಯಿಂದ ನೆಲಕ್ಕೆ ನೀರು ಇಂಗುವ ದಾರಿಯನ್ನೂ ಸೇರಿಸಿದೆ. ಒಟ್ಟು ಅಂಕ 0.78ಕ್ಕೆ ಇಳಿಯಿತು. ಬರದ ನಾಲ್ಕು ವರ್ಷಗಳಲ್ಲಿ ಮಾತ್ರ ಕೆಂಪು ಗೆರೆ ನೀಲಿಯ ಪಕ್ಕಕ್ಕೇ ಬಂತು. ವರದಿಯಲ್ಲಿ ಎರಡೂ ಗ್ರಾಫ್ ಇಟ್ಟೆ, ಹಳೆಯ ಗ್ರಾಫ್ ಕೆಳಗೆ ಅದು ಎಲ್ಲಿ ಸೋತಿತು ಅಂತಲೂ ಬರೆದೆ.